ಆಯಸ್ಕಾಂತವನ್ನು ವೋಲ್ಟೇಜ್ ತಿರುಗಿಸುವುದು ಹೇಗೆ?

ಪ್ರಶ್ನೆ: ನಾನು ಸಕಲೇಶಪುರ ತಾಲ್ಲೂಕಿನವಳು. ಹಾಸನದಲ್ಲಿ ಬಿ.ಎಸ್ಸಿ. ಎರಡನೇ ವರ್ಷ ಓದುತ್ತಿದ್ದೇನೆ. ಸಿಲಿಕಾನ್ ಚಿಪ್ಪಿನೊಳಗಿನ ಇಲೆಕ್ಟ್ರಾನಿನ ಸ್ಪಿನ್ನನ್ನು ವಿದ್ಯುತ್ ಕ್ಷೇತ್ರದಿಂದ ನಿಯಂತ್ರಿಸಿ ಕ್ವಾಂಟಮ್ ಕಂಪ್ಯೂಟರ್ ಕಟ್ಟುತ್ತಾರೆ ಎಂದು ಓದಿದೆ. ಸ್ಪಿನ್ ಎಂದರೆ ಪುಟ್ಟ ಆಯಸ್ಕಾಂತ ಎಂದು ನಮಗೆ ಪಾಠವಾಗಿದೆ. ಆಯಸ್ಕಾಂತ ಕಾಂತಕ್ಷೇತ್ರಕ್ಕೆ ತಾನೇ ಮಣಿಯಬೇಕು? ವಿದ್ಯುತ್ ಕ್ಷೇತ್ರ ಅದನ್ನು ಹೇಗೆ ತಿರುಗಿಸುತ್ತದೆ? ಕಾಂತಕ್ಷೇತ್ರ ಇರುವಾಗ ಈ ಸುತ್ತುದಾರಿ ಏಕೆ? ಇದನ್ನೆಲ್ಲ ಇಲ್ಲೇ ಇದ್ದು ಕಲಿಯಲು ಸಾಧ್ಯವೇ, ಸರ್?

ಉತ್ತರ: ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಅದನ್ನು ಬಿಟ್ಟುಕೊಡಬೇಡಿ. ವಿದ್ಯುತ್ ಕ್ಷೇತ್ರ ಇಲೆಕ್ಟ್ರಾನಿನ ಸ್ಪಿನ್ನನ್ನು ನೇರವಾಗಿ ಮುಟ್ಟುವುದಿಲ್ಲ. ಅದು ಮುಟ್ಟುವುದು ಇಲೆಕ್ಟ್ರಾನಿನ ಆವೇಶವನ್ನು. ಇಲೆಕ್ಟ್ರಾನ್ ಇರುವ ಜಾಗವನ್ನು ಅಷ್ಟಿಷ್ಟು ಸರಿಸಬಲ್ಲದು, ಅದರ ಅಲೆಯ ಆಕಾರವನ್ನು ಹಿಗ್ಗಿಸಬಲ್ಲದು, ಕುಗ್ಗಿಸಬಲ್ಲದು. ಅಷ್ಟೇ. ಆ ಸರಿದಾಟ ಸ್ಪಿನ್ನಿಗೆ ತಿಳಿಯಬೇಕಾದರೆ ನಡುವೆ ಒಂದು ಕೊಂಡಿ ಬೇಕು. ಈ ಕ್ಷೇತ್ರದಲ್ಲಿ ಇಪ್ಪತ್ತೈದು ವರ್ಷಗಳಿಂದ ನಡೆದಿರುವ ಕೆಲಸದ ದೊಡ್ಡ ಪಾಲು ಈ ಕೊಂಡಿಯನ್ನು ಹುಡುಕುವುದು, ಕಟ್ಟುವುದು ಮತ್ತು ಬೇಡವಾದಾಗ ಕಳಚುವುದು. ಕೊನೆಯದು ಎಲ್ಲಕ್ಕಿಂತ ಕಷ್ಟ. ಏಕೆ ಎಂಬುದನ್ನು ಹೇಳಲೆಂದೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಸ್ಪಿನ್ ಎಂಬ ಹೆಸರಿನ ಬಗ್ಗೆ ಒಂದು ಮಾತು. ಬೇಲೂರಿನ ಚೆನ್ನಕೇಶವ ದೇವಾಲಯದ ನವರಂಗದಲ್ಲಿ ನರಸಿಂಹ ಕಂಬವನ್ನು ನೀವು ನೋಡಿರುತ್ತೀರಿ. ಅದು ಒಂದು ಕಾಲದಲ್ಲಿ ತನ್ನ ಅಕ್ಷದ ಮೇಲೆ ತಿರುಗುತ್ತಿತ್ತೆಂದು ಗೈಡುಗಳು ಹೇಳುತ್ತಾರೆ. ಇಲೆಕ್ಟ್ರಾನ್ ಹಾಗೆ ತಿರುಗುವ ಕಂಬವಲ್ಲ, ಬುಗುರಿಯೂ ಅಲ್ಲ. 1925ರಲ್ಲಿ ಊಲೆನ್‌ಬೆಕ್ ಮತ್ತು ಗೌಡ್‌ಸ್ಮಿಟ್ ಈ ಹೆಸರಿಟ್ಟಾಗ ತಿರುಗುವ ಚೆಂಡಿನ ಚಿತ್ರ ಅವರ ಮನಸ್ಸಿನಲ್ಲಿತ್ತು. ಚಿತ್ರ ಬಿದ್ದುಹೋಯಿತು, ಹೆಸರು ಉಳಿಯಿತು. ನಮಗೆ ಬೇಕಾದದ್ದು ಇಷ್ಟು: ಇಲೆಕ್ಟ್ರಾನಿಗೆ ಹುಟ್ಟಿನಿಂದಲೇ ಒಂದು ಕಾಂತಗುಣವಿದೆ. ಹೊರಗಿನ ಕಾಂತಕ್ಷೇತ್ರದಲ್ಲಿಟ್ಟು ಅಳೆದರೆ ಅದಕ್ಕೆ ಎರಡೇ ಉತ್ತರ, ಮೇಲೆ ಅಥವಾ ಕೆಳಗೆ. ಅಳೆಯುವ ಮುಂಚೆ ಎರಡರ ಯಾವುದೇ ಮಿಶ್ರಣದಲ್ಲಿ ಅದು ಇರಬಹುದು. ಆ ಮಿಶ್ರಣವನ್ನು ನಮಗೆ ಬೇಕಾದಂತೆ ಬದಲಾಯಿಸಲು ಬಂದರೆ ಅದೇ ಒಂದು ಕ್ಯೂಬಿಟ್, ಕ್ವಾಂಟಮ್ ಕಂಪ್ಯೂಟರಿನ ಮೂಲ ಘಟಕ.

ಈಗ ಹಳೆಯ ದಾರಿ, ಕಾಂತಕ್ಷೇತ್ರದ ದಾರಿ. ಒಂದು ಟೆಸ್ಲಾ ಕಾಂತಕ್ಷೇತ್ರದಲ್ಲಿ ಇಲೆಕ್ಟ್ರಾನಿನ ಮೇಲು ಮತ್ತು ಕೆಳಗಿನ ಸ್ಥಿತಿಗಳ ನಡುವಿನ ಶಕ್ತಿಯ ಅಂತರ ಸುಮಾರು 28 ಗಿಗಾಹರ್ಟ್ಜ್ ಆವರ್ತನಕ್ಕೆ ಸಮ. ಹಾಸನದ ಸಾಲಗಾಮೆ ರಸ್ತೆಯ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್‌ನಲ್ಲಿ ಉಪಗ್ರಹಗಳೊಡನೆ ಮಾತನಾಡುವ ದೊಡ್ಡ ಡಿಶ್‌ಗಳನ್ನು ನೀವು ದೂರದಿಂದಲಾದರೂ ಕಂಡಿರುತ್ತೀರಿ. ಅವು ಬಳಸುವ ಮೈಕ್ರೋವೇವ್ ಅಲೆಗಳ ಕುಟುಂಬವೇ ಇದು, ಆವರ್ತನ ಮಾತ್ರ ಇನ್ನಷ್ಟು ಹೆಚ್ಚು. ಸರಿಯಾಗಿ ಈ ಆವರ್ತನದಲ್ಲಿ, ದೊಡ್ಡ ಕ್ಷೇತ್ರಕ್ಕೆ ಅಡ್ಡಲಾಗಿ, ಇನ್ನೊಂದು ಸಣ್ಣ ಕಾಂತಕ್ಷೇತ್ರವನ್ನು ಆಡಿಸಿದರೆ ಸ್ಪಿನ್ ನಿಧಾನವಾಗಿ ಮೇಲಿನಿಂದ ಕೆಳಕ್ಕೆ ಹೊರಳುತ್ತದೆ. ಜೋಕಾಲಿಯ ತಾಳ ನೋಡಿಕೊಂಡು ತಳ್ಳಿದಂತೆ. ತಾಳ ತಪ್ಪಿದರೆ ಎಷ್ಟು ತಳ್ಳಿದರೂ ವ್ಯರ್ಥ. ಆಡುವ ಕ್ಷೇತ್ರ 0.1 ಮಿಲಿಟೆಸ್ಲಾ ಇದ್ದರೆ ಸ್ಪಿನ್ ಸೆಕೆಂಡಿಗೆ ಸುಮಾರು 14 ಲಕ್ಷ ಸುತ್ತು ಹೊರಳುತ್ತದೆ. ಅಂದರೆ ಮೇಲಿನಿಂದ ಕೆಳಕ್ಕೆ ಬರಲು ಒಂದು ಮೈಕ್ರೋಸೆಕೆಂಡಿನ ಮೂರನೇ ಒಂದು ಭಾಗದಷ್ಟು ಕಾಲ ಸಾಕು. ಈ ಅಂಕಿಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಈ ದಾರಿ ಚೆನ್ನಾಗಿಯೇ ನಡೆಯುತ್ತದೆ. 2012ರಲ್ಲಿ ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ತಂಡ ಸಿಲಿಕಾನಿನಲ್ಲಿ ಹುದುಗಿಸಿದ ಒಂದೇ ಒಂದು ರಂಜಕದ ಪರಮಾಣುವಿನ ಇಲೆಕ್ಟ್ರಾನನ್ನು ಹೀಗೆಯೇ ನಿಯಂತ್ರಿಸಿ ತೋರಿಸಿತು. ಪಕ್ಕದಲ್ಲಿ ಒಂದು ಪುಟ್ಟ ಲೋಹದ ತಂತಿ, ಅದರಲ್ಲಿ ಮೈಕ್ರೋವೇವ್ ಪ್ರವಾಹ, ಅದರಿಂದ ಕಾಂತಕ್ಷೇತ್ರ.

ಹಾಗಾದರೆ ಸುತ್ತುದಾರಿ ಏಕೆ ಎಂದು ಕೇಳಿದ್ದೀರಿ. ನಿಮ್ಮ ಊರಿನ ಕಡೆಯದೇ ಉದಾಹರಣೆ ಕೊಡುತ್ತೇನೆ. ಫೆಬ್ರುವರಿ ಮುಗಿಯುವ ಹೊತ್ತಿಗೂ ಹೂಮಳೆ ಬಾರದಿದ್ದರೆ ರೋಬಸ್ಟಾ ತೋಟದವರು ಕೆರೆಗೆ ಮೋಟಾರು ಇಟ್ಟು ಸ್ಪ್ರಿಂಕ್ಲರ್ ಹಾರಿಸುತ್ತಾರೆ. ನೀರು ಅಷ್ಟೆತ್ತರ ಚಿಮ್ಮಿ, ಗಿರಗಿರನೆ ಸುತ್ತಿ, ಗಿಡ, ನೆರಳಿನ ಮರ, ಮೆಣಸಿನ ಬಳ್ಳಿ, ಕಾಲುದಾರಿ ಎಲ್ಲದರ ಮೇಲೂ ಬೀಳುತ್ತದೆ. ತೋಟಕ್ಕೆ ತೋಟವೇ ಒಟ್ಟಿಗೆ ಹೂ ಬಿಡಬೇಕಾದಾಗ ಅದು ಸರಿ. ಆದರೆ ಸಾಲಿನ ಹನ್ನೆರಡನೇ ಗಿಡ ಮಾತ್ರ ಇಂದು ಹೂ ಬಿಡಬೇಕು, ಹದಿಮೂರನೆಯದು ಬಿಡಕೂಡದು ಎಂದರೆ? ಸ್ಪ್ರಿಂಕ್ಲರ್ ಕೈಕೊಡುತ್ತದೆ. ಆ ಒಂದು ಗಿಡದ ಬುಡಕ್ಕೆ ಹೋಗುವ ಹನಿ ನೀರಿನ ಕೊಳವೆಯೇ ಬೇಕು.

ಕಾಂತಕ್ಷೇತ್ರ ಸ್ಪ್ರಿಂಕ್ಲರ್. 28 ಗಿಗಾಹರ್ಟ್ಜ್ ಅಲೆಯ ಉದ್ದ ಗಾಳಿಯಲ್ಲಿ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು. ಚಿಪ್ಪಿನಲ್ಲಿ ಒಂದು ಕ್ಯೂಬಿಟ್ಟಿನಿಂದ ಇನ್ನೊಂದಕ್ಕೆ ಇರುವ ದೂರ ನೂರು ನ್ಯಾನೋಮೀಟರ್ ಆಸುಪಾಸು. ತಂತಿಯ ಕ್ಷೇತ್ರ ದೂರ ಹೋದಂತೆ ಕುಗ್ಗುತ್ತದೆ ನಿಜ, ಆದರೆ ಇಷ್ಟು ಹತ್ತಿರದ ನೆರೆಯವರನ್ನು ಬಿಟ್ಟು ಒಬ್ಬರನ್ನೇ ಆರಿಸುವಷ್ಟು ಬೇಗ ಕುಗ್ಗುವುದಿಲ್ಲ. ವೋಲ್ಟೇಜ್ ಹಾಗಲ್ಲ. ಟ್ರಾನ್ಸಿಸ್ಟರಿನ ಗೇಟಿನಂತಹ ಒಂದು ಲೋಹದ ಪಟ್ಟಿಗೆ ವೋಲ್ಟೇಜ್ ಕೊಟ್ಟರೆ ಅದರ ವಿದ್ಯುತ್ ಕ್ಷೇತ್ರ ಮುಖ್ಯವಾಗಿ ಆ ಪಟ್ಟಿಯ ಕೆಳಗಷ್ಟೇ ಇರುತ್ತದೆ. ಅಕ್ಕಪಕ್ಕದ ಪಟ್ಟಿಗಳೂ ಲೋಹವೇ ಆದ್ದರಿಂದ ಅವೇ ಬೇಲಿಯಾಗಿ ನಿಲ್ಲುತ್ತವೆ.

ಎರಡನೆಯ ಕಾರಣ ಶಾಖ. ಕಾಂತಕ್ಷೇತ್ರ ಬೇಕೆಂದರೆ ಪ್ರವಾಹ ಹರಿಯಬೇಕು, ಹರಿದಲ್ಲಿ ಬಿಸಿಯಾಗುತ್ತದೆ. ಒಂದು ಟೆಸ್ಲಾದ ಆ 28 ಗಿಗಾಹರ್ಟ್ಜ್ ಅಂತರವನ್ನು ಉಷ್ಣತೆಯ ಲೆಕ್ಕಕ್ಕೆ ತಂದರೆ ಸುಮಾರು 1.3 ಕೆಲ್ವಿನ್. ಸ್ಪಿನ್ ಕೆಳಗಿನ ಸ್ಥಿತಿಯಲ್ಲಿ ತಣ್ಣಗೆ ಕೂರಬೇಕಾದರೆ ಸುತ್ತಲಿನ ಉಷ್ಣತೆ ಅದಕ್ಕಿಂತ ಬಹಳ ಕೆಳಗಿರಬೇಕು. ಆದ್ದರಿಂದ ಈ ಪ್ರಯೋಗಗಳು ಬಹುಮಟ್ಟಿಗೆ ಒಂದು ಕೆಲ್ವಿನ್ನಿನ ಹತ್ತನೇ ಒಂದು ಭಾಗದಷ್ಟು ಅಥವಾ ಅದಕ್ಕೂ ಕಡಿಮೆ ಉಷ್ಣತೆಯಲ್ಲಿ ನಡೆಯುತ್ತವೆ. ಆ ಮಟ್ಟದಲ್ಲಿ ತಂಪು ಮಾಡುವ ಯಂತ್ರ ಹೊರಹಾಕಬಲ್ಲ ಶಾಖ ಮೈಕ್ರೋವ್ಯಾಟ್‌ಗಳ ಲೆಕ್ಕದ್ದು. ನನ್ನ ಸಂಶೋಧನೆಯ ದಿನಗಳಲ್ಲಿ ಇಲೆಕ್ಟ್ರಾನ್ ಸ್ಪಿನ್ ಅನುರಣನೆಯ ಒಂದು ಹಳೆಯ ಉಪಕರಣದ ಮುಂದೆ ಕುಳಿತು ಮೂರು ವಾರ ಒಂದು ಗೆರೆಯ ಬೆನ್ನು ಹತ್ತಿದ್ದೆ. ಬೆಳಿಗ್ಗೆ ಒಂದು ಕಡೆ ಇರುತ್ತಿದ್ದ ಗೆರೆ ಮಧ್ಯಾಹ್ನದ ಹೊತ್ತಿಗೆ ಅಗಲವಾಗಿ ಸರಿದಿರುತ್ತಿತ್ತು. ಹೊಸದೇನೋ ಸಿಕ್ಕಿತೆಂದು ಪುಟಗಟ್ಟಲೆ ಬರೆದಿಟ್ಟೆ. ಕೊನೆಗೆ ಒಂದು ದಿನ ಸುರುಳಿಯ ಮೇಲೆ ಬೆರಳಿಟ್ಟರೆ ಬೆಚ್ಚಗಿತ್ತು. ಪ್ರವಾಹ ಸುರುಳಿಯನ್ನು ಕಾಯಿಸಿತ್ತು, ಸುರುಳಿ ಮಾದರಿಯನ್ನು ಕಾಯಿಸಿತ್ತು. ಕಾಂತಕ್ಷೇತ್ರ ಬೇಡಿದವರು ಶಾಖವನ್ನೂ ಪಡೆಯುತ್ತಾರೆಂಬುದು ಅಂದು ಬೆರಳಿಗೇ ತಿಳಿಯಿತು. ಗೇಟಿಗೆ ಕೊಡುವ ವೋಲ್ಟೇಜ್ ಬೇರೆ ಬಗೆಯದು. ಅಲ್ಲಿ ನಡುವೆ ನಿರೋಧಕ ಪದರವಿದೆ, ಪ್ರವಾಹ ಹೆಚ್ಚುಕಡಿಮೆ ಹರಿಯುವುದೇ ಇಲ್ಲ. ನಿಮ್ಮ ಮೊಬೈಲಿನೊಳಗೆ ಕೋಟ್ಯಂತರ ಟ್ರಾನ್ಸಿಸ್ಟರುಗಳು ಒಟ್ಟಿಗೆ ಬದುಕಿರುವುದು ಈ ಕಾರಣಕ್ಕೇ.

ಸರಿ, ಕೊಂಡಿಗೆ ಬರೋಣ. ನನಗೆ ಅತ್ಯಂತ ಪ್ರಿಯವಾದದ್ದು ಕೋಬಾಲ್ಟಿನ ತುಣುಕಿನ ಉಪಾಯ. ಅದನ್ನೇ ಬಿಡಿಸಿ ಹೇಳುತ್ತೇನೆ.

ಕಡೂರಿನ ಬಯಲಿನಲ್ಲಿ ನೀವು ಹತ್ತು ಹೆಜ್ಜೆ ಆಚೆ, ಹತ್ತು ಹೆಜ್ಜೆ ಈಚೆ ನಡೆದಾಡಿ. ಸಮುದ್ರಮಟ್ಟದಿಂದ ನಿಮ್ಮ ಎತ್ತರ ಬದಲಾಗುವುದಿಲ್ಲ. ಅದೇ ಹತ್ತು ಹೆಜ್ಜೆಯನ್ನು ಮುಳ್ಳಯ್ಯನಗಿರಿಯ ಇಳಿಜಾರಿನಲ್ಲಿ ಹಾಕಿ. ಪ್ರತಿ ಸಲ ಆಚೀಚೆ ಹೋದಾಗಲೂ ಎತ್ತರ ಏರಿಳಿಯುತ್ತದೆ. ನಿಮ್ಮನ್ನು ಯಾರೂ ಮೇಲಕ್ಕೆತ್ತಲಿಲ್ಲ, ಪಕ್ಕಕ್ಕೆ ಸರಿಸಿದರು ಅಷ್ಟೇ. ನೆಲ ಓರೆಯಾಗಿದ್ದದ್ದರಿಂದ ಪಕ್ಕಕ್ಕೆ ಸರಿದದ್ದೇ ಏರಿಳಿತವಾಯಿತು. ಈಗ ಎತ್ತರದ ಜಾಗದಲ್ಲಿ ಕಾಂತಕ್ಷೇತ್ರ ಎಂದು ಓದಿಕೊಳ್ಳಿ. ಚಿಪ್ಪಿನ ಮೇಲೆ ಕೋಬಾಲ್ಟಿನ ಒಂದು ಪುಟ್ಟ ಆಯಸ್ಕಾಂತವನ್ನು ಕೂರಿಸಿದರೆ ಅದರ ಕೆಳಗೆ ಕಾಂತಕ್ಷೇತ್ರ ಎಲ್ಲೆಡೆ ಒಂದೇ ಸಮ ಇರುವುದಿಲ್ಲ, ಇಳಿಜಾರಾಗುತ್ತದೆ. ಒಳ್ಳೆಯ ವಿನ್ಯಾಸದಲ್ಲಿ ಈ ಇಳಿಜಾರು ನ್ಯಾನೋಮೀಟರಿಗೆ ಒಂದು ಮಿಲಿಟೆಸ್ಲಾದವರೆಗೆ ಹೋಗುತ್ತದೆ. ಆ ಇಳಿಜಾರಿನ ಮೇಲೆ ಕುಳಿತ ಇಲೆಕ್ಟ್ರಾನನ್ನು ಗೇಟಿನ ವೋಲ್ಟೇಜಿನಿಂದ ಆಚೀಚೆ ಆಡಿಸಿದರೆ ತಾನು ಆಡುವ ಕಾಂತಕ್ಷೇತ್ರದಲ್ಲಿದ್ದೇನೆ ಎಂದೇ ಸ್ಪಿನ್ನಿಗೆ ಅನಿಸುತ್ತದೆ. ವೋಲ್ಟೇಜಿನ ಆವರ್ತನವನ್ನು ಸ್ಪಿನ್ನಿನ ತಾಳಕ್ಕೆ ಹೊಂದಿಸಿ, ಸ್ಪಿನ್ ಹೊರಳುತ್ತದೆ.

ಎಷ್ಟು ಆಡಿಸಬೇಕು? ಮೊದಲು ಹೇಳಿದ 0.1 ಮಿಲಿಟೆಸ್ಲಾ ಸಿಗಬೇಕಾದರೆ 0.1 ನ್ಯಾನೋಮೀಟರ್ ಸರಿದರೆ ಸಾಕು. ಸಿಲಿಕಾನ್ ಹರಳಿನ ಜಾಲದ ಒಂದು ಮನೆಯ ಅಳತೆಯೇ 0.543 ನ್ಯಾನೋಮೀಟರ್. ಅಂದರೆ ಒಂದು ಮನೆಯ ಐದನೇ ಒಂದು ಪಾಲಿನಷ್ಟೂ ಇಲೆಕ್ಟ್ರಾನ್ ಸರಿಯಬೇಕಿಲ್ಲ. ಅದರ ಅಲೆಯೇ ಹತ್ತಾರು ನ್ಯಾನೋಮೀಟರ್ ಅಗಲ ಹರಡಿರುತ್ತದೆ. ಆ ಅಗಲದ ನಡುವೆ ಒಂದು ಕೂದಲೆಳೆಯಷ್ಟು ತೊನೆದಾಟ, ಅಷ್ಟರಿಂದ ಸ್ಪಿನ್ ಪೂರ್ತಿ ಮಗುಚಿಬೀಳುತ್ತದೆ. ಈ ಲೆಕ್ಕವನ್ನು ಮೊದಲ ಸಲ ಕಾಗದದ ಮೇಲೆ ಮಾಡಿದ ದಿನ ನಾನು ಪೆನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ.

ಈ ಉಪಾಯವನ್ನು ಜಪಾನಿನ ತರುಚಾ ಅವರ ತಂಡ 2008ರಲ್ಲಿ ಗ್ಯಾಲಿಯಂ ಆರ್ಸೆನೈಡಿನಲ್ಲಿ ಮಾಡಿ ತೋರಿಸಿತು. 2014ರಲ್ಲಿ ಅದು ಸಿಲಿಕಾನಿಗೆ ಬಂತು. 2018ರಲ್ಲಿ ತರುಚಾ ಅವರ ತಂಡವೇ ಶುದ್ಧೀಕರಿಸಿದ ಸಿಲಿಕಾನಿನಲ್ಲಿ ಒಂದು ಕ್ಯೂಬಿಟ್ಟಿನ ಕ್ರಿಯೆಯನ್ನು ಶೇಕಡಾ 99.9ಕ್ಕಿಂತ ಹೆಚ್ಚು ನಿಖರವಾಗಿ ಮಾಡಿತು.

ಎರಡನೆಯ ಕೊಂಡಿ ಪ್ರಕೃತಿಯೇ ಕೊಟ್ಟದ್ದು. ಅದರ ಹೆಸರು ಸ್ಪಿನ್-ಕಕ್ಷೆ ಬಂಧ. ವಿದ್ಯುತ್ ಕ್ಷೇತ್ರದಲ್ಲಿ ಓಡುವ ಇಲೆಕ್ಟ್ರಾನಿಗೆ ಆ ಕ್ಷೇತ್ರ ಭಾಗಶಃ ಕಾಂತಕ್ಷೇತ್ರವಾಗಿ ಕಾಣುತ್ತದೆ. ಇದು ಸಾಪೇಕ್ಷತಾ ಸಿದ್ಧಾಂತದ ಫಲ. ಭಾರದ ಪರಮಾಣುಗಳಲ್ಲಿ ಈ ಬಂಧ ಜೋರು. ಸಿಲಿಕಾನ್ ಹಗುರ, ಅದರ ಪರಮಾಣು ಸಂಖ್ಯೆ 14. ಸಾಲದ್ದಕ್ಕೆ ಅದರ ಹರಳಿನ ರಚನೆ ಸಮಮಿತಿಯುಳ್ಳದ್ದು. ಹಾಗಾಗಿ ಇಲೆಕ್ಟ್ರಾನಿನ ಮಟ್ಟಿಗೆ ಈ ಬಂಧ ಬಹಳ ಸಡಿಲ. ಆಕ್ಸೈಡ್ ಪದರವನ್ನು ತಾಗುವ ಅಂಚಿನಲ್ಲಿ ಆ ಸಮಮಿತಿ ಮುರಿಯುವುದರಿಂದ ಸ್ವಲ್ಪ ಉಳಿಯುತ್ತದೆ. ಆದರೆ ಇಲೆಕ್ಟ್ರಾನಿನ ಬದಲು ಹೋಲ್ ಅನ್ನು ಹಿಡಿದರೆ, ಅಂದರೆ ಇಲೆಕ್ಟ್ರಾನ್ ಇಲ್ಲದ ಖಾಲಿ ಜಾಗವನ್ನೇ ಕ್ಯೂಬಿಟ್ ಮಾಡಿಕೊಂಡರೆ, ಇದೇ ಸಿಲಿಕಾನಿನಲ್ಲಿ ಬಂಧ ಬಿಗಿಯಾಗಿರುತ್ತದೆ. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ 2016ರಲ್ಲಿ ಮಾಮೂಲಿ ಚಿಪ್ ತಯಾರಿಸುವ ಸಾಲಿನಿಂದ ಬಂದ ಟ್ರಾನ್ಸಿಸ್ಟರಿನಲ್ಲೇ ಹೋಲ್‌ನ ಸ್ಪಿನ್ನನ್ನು ಗೇಟಿನ ವೋಲ್ಟೇಜಿನಿಂದ ಹೊರಳಿಸಿ ತೋರಿಸಿದರು. ಕೋಬಾಲ್ಟೂ ಬೇಕಾಗಲಿಲ್ಲ.

ಮೂರನೆಯ ದಾರಿಯಲ್ಲಿ ವೋಲ್ಟೇಜ್ ಸ್ಪಿನ್ನನ್ನು ತಿರುಗಿಸುವುದಿಲ್ಲ, ಅದರ ಕಿವಿಯನ್ನು ಶ್ರುತಿ ಮಾಡುತ್ತದೆ. ಬ್ರೂಸ್ ಕೇನ್ 1998ರಲ್ಲಿ ಮುಂದಿಟ್ಟ ಪ್ರಸಿದ್ಧ ಯೋಜನೆಯ ತಿರುಳು ಇದು. ಸಿಲಿಕಾನಿನಲ್ಲಿ ರಂಜಕದ ಪರಮಾಣುಗಳ ಸಾಲು, ಪ್ರತಿಯೊಂದರ ನೆತ್ತಿಯ ಮೇಲೆ ಒಂದೊಂದು ಗೇಟ್. ಇಡೀ ಚಿಪ್ಪಿಗೆ ಒಂದೇ ಕಾಂತಕ್ಷೇತ್ರವನ್ನು ಸದಾ ಆಡಿಸುತ್ತಿರಿ, ಆದರೆ ಎಲ್ಲ ಪರಮಾಣುಗಳ ತಾಳದಿಂದಲೂ ತುಸು ಪಕ್ಕಕ್ಕೆ. ಯಾರಿಗೂ ಕೇಳಿಸುವುದಿಲ್ಲ. ಹನ್ನೆರಡನೆಯ ಪರಮಾಣು ತಿರುಗಬೇಕೆಂದಾಗ ಅದರ ಗೇಟಿಗೆ ವೋಲ್ಟೇಜ್ ಕೊಡಿ. ಇಲೆಕ್ಟ್ರಾನಿನ ಮೋಡ ನ್ಯೂಕ್ಲಿಯಸ್ಸಿನಿಂದ ಸ್ವಲ್ಪ ಎಳೆಯಲ್ಪಡುತ್ತದೆ, ಅವೆರಡರ ನಡುವಿನ ಕಾಂತ ಸಂಬಂಧ ಬದಲಾಗುತ್ತದೆ, ತಾಳ ಬದಲಾಗುತ್ತದೆ, ಸದಾ ನುಡಿಯುತ್ತಿದ್ದ ಅಲೆಗೆ ಅದೊಂದು ಮಾತ್ರ ಕಿವಿಗೊಡುತ್ತದೆ. ಸ್ಪ್ರಿಂಕ್ಲರ್ ನಿಲ್ಲಿಸಬೇಕಾಗಿಲ್ಲ, ಗಿಡದ ಮೇಲಿನ ಕೊಡೆ ಮಡಿಚಿದರಾಯಿತು. 2015ರಲ್ಲಿ ಸಿಡ್ನಿಯ ತಂಡ ಒಂದೇ ಪರಮಾಣುವಿನಲ್ಲಿ ಇದು ನಡೆಯುವುದನ್ನು ತೋರಿಸಿತು.

ಇದುವರೆಗೆ ಹೇಳಿದ್ದೆಲ್ಲ ಒಂಟಿ ಸ್ಪಿನ್ನಿನ ಮಾತು. ಕಂಪ್ಯೂಟರ್ ಎಂದರೆ ಎರಡು ಸ್ಪಿನ್‌ಗಳು ಒಂದನ್ನೊಂದು ವಿಚಾರಿಸಿಕೊಳ್ಳಬೇಕು. ಇಲ್ಲಿ ಮಾತ್ರ ವಿದ್ಯುತ್ ಕ್ಷೇತ್ರ ನಿಜವಾದ ಯಜಮಾನ. ಪಕ್ಕಪಕ್ಕದ ಎರಡು ಹೊಂಡಗಳ ನಡುವೆ ತೂಬು ಇದೆ ಎಂದುಕೊಳ್ಳಿ. ಮುಚ್ಚಿದ್ದರೆ ಎರಡೂ ಬೇರೆ ಬೇರೆ. ತುಸು ಎತ್ತಿದರೆ ಒಂದರ ನೀರು ಇನ್ನೊಂದಕ್ಕೆ ಗೊತ್ತಾಗುತ್ತದೆ. ಎರಡು ಇಲೆಕ್ಟ್ರಾನುಗಳ ನಡುವಿನ ಗೇಟಿನ ವೋಲ್ಟೇಜ್ ಆ ತೂಬು. ಅಡ್ಡಗೋಡೆ ತಗ್ಗಿದಾಗ ಅವುಗಳ ಅಲೆಗಳು ಒಂದರ ಮೇಲೊಂದು ಹರಿದು, ಎರಡು ಇಲೆಕ್ಟ್ರಾನುಗಳು ಒಂದೇ ಸ್ಥಿತಿಯಲ್ಲಿರಲಾರವು ಎಂಬ ಪೌಲಿಯ ನಿಯಮದ ಕಾರಣದಿಂದ ಎರಡು ಸ್ಪಿನ್‌ಗಳೂ ಒಂದಕ್ಕೊಂದು ಕಟ್ಟುಬೀಳುತ್ತವೆ. ತಕ್ಕಷ್ಟು ಹೊತ್ತು ಬಿಟ್ಟು ತೂಬು ಇಳಿಸಿದರೆ ಎರಡು ಸ್ಪಿನ್‌ಗಳೂ ಅದಲುಬದಲಾಗಿರುತ್ತವೆ. ಅದರ ಅರ್ಧ ಹೊತ್ತಿಗೇ ಇಳಿಸಿದರೆ ಬಿಡಿಸಲಾಗದಂತೆ ಹೆಣೆದುಕೊಂಡಿರುತ್ತವೆ. ಡೇನಿಯಲ್ ಲಾಸ್ ಮತ್ತು ಡೇವಿಡ್ ಡಿವಿನ್ಸೆಂಜೊ ಇದನ್ನು ಬರೆದದ್ದೂ 1998ರಲ್ಲೇ. 2015ರಲ್ಲಿ ಸಿಲಿಕಾನಿನಲ್ಲಿ ಮೊದಲ ಎರಡು ಕ್ಯೂಬಿಟ್‌ಗಳ ಲಾಜಿಕ್ ಕ್ರಿಯೆ ಸಿಡ್ನಿಯಲ್ಲಿ ನಡೆಯಿತು. 2022ರ ಜನವರಿಯಲ್ಲಿ ಸಿಡ್ನಿ, ನೆದರ್ಲೆಂಡ್ಸಿನ ಡೆಲ್ಫ್ಟ್ ಮತ್ತು ಜಪಾನಿನ ರಿಕೆನ್ ತಂಡಗಳು ಬೇರೆ ಬೇರೆಯಾಗಿ, ಒಂದೇ ಹೊತ್ತಿಗೆ, ಎರಡು ಕ್ಯೂಬಿಟ್‌ಗಳ ಕ್ರಿಯೆಯ ನಿಖರತೆ ಶೇಕಡಾ 99 ದಾಟಿದ್ದನ್ನು ಪ್ರಕಟಿಸಿದವು. ದೋಷ ತಿದ್ದುವ ವಿಧಾನಗಳಲ್ಲಿ ಕೆಲವು ಸುಮಾರು ಆ ಮಟ್ಟದಿಂದಲೇ ಫಲ ಕೊಡತೊಡಗುತ್ತವೆ. ಆದ್ದರಿಂದ ಆ ತಿಂಗಳು ಈ ವಿಷಯದವರಿಗೆ ಹಬ್ಬವೇ ಆಗಿತ್ತು.

ನಡುವೆ ಒಂದು ಘಟನೆಯನ್ನು ಹೇಳದೆ ಮುಂದೆ ಹೋಗಲಾರೆ. ಸಿಡ್ನಿಯಲ್ಲೇ ಸಿಲಿಕಾನಿನೊಳಗೆ ಆಂಟಿಮನಿಯ ಒಂದು ಪರಮಾಣುವನ್ನಿಟ್ಟು ಅದರ ನ್ಯೂಕ್ಲಿಯಸ್ಸಿನ ಸ್ಪಿನ್ನನ್ನು ಕಾಂತಕ್ಷೇತ್ರದಿಂದ ಹೊರಳಿಸಲು ಹೊರಟಿದ್ದರು. ಅದಕ್ಕೆಂದು ಮಾಡಿದ ಪುಟ್ಟ ಆಂಟೆನಾ ಹೆಚ್ಚಿನ ಪ್ರವಾಹ ತಾಳದೆ ಕೆಟ್ಟುಹೋಯಿತು. ಆದರೂ ನ್ಯೂಕ್ಲಿಯಸ್ ಹೊರಳುತ್ತಲೇ ಇತ್ತು, ಅದೂ ವಿಚಿತ್ರ ಆವರ್ತನಗಳಲ್ಲಿ. ಕಾರಣ ಹುಡುಕಿದಾಗ ತಿಳಿದದ್ದು ಇದು: ತುಂಡಾದ ಆಂಟೆನಾದಲ್ಲಿ ಪ್ರವಾಹ ಹರಿಯದೆ ಅದು ಬರೀ ವಿದ್ಯುತ್ ಕ್ಷೇತ್ರವನ್ನು ಕೊಡುತ್ತಿತ್ತು. ಆಂಟಿಮನಿಯ ನ್ಯೂಕ್ಲಿಯಸ್ಸಿನ ಆವೇಶ ಪೂರ್ತಿ ಗುಂಡಗೆ ಹರಡಿಲ್ಲ. ಹಾಗಾಗಿ ಸುತ್ತಲಿನ ವಿದ್ಯುತ್ ಕ್ಷೇತ್ರದ ಏರಿಳಿತ ಅದರ ಸ್ಪಿನ್ನಿಗೆ ತಾಗುತ್ತದೆ. ರಂಜಕದ ನ್ಯೂಕ್ಲಿಯಸ್ಸಿಗೆ ಈ ಗುಣವಿಲ್ಲ. ಇಂಥದ್ದು ಸಾಧ್ಯ ಎಂದು ಭೌತವಿಜ್ಞಾನಿ ಬ್ಲೂಂಬರ್ಗನ್ 1961ರಲ್ಲೇ ಸೂಚಿಸಿದ್ದರು. ಒಂದೇ ನ್ಯೂಕ್ಲಿಯಸ್ಸಿನಲ್ಲಿ ಅದು ಕಂಡದ್ದು 2020ರಲ್ಲಿ ಪ್ರಕಟವಾಯಿತು. ಕೆಟ್ಟ ಚಿಪ್ಪನ್ನು ಅವರು ಬಿಸಾಡಬಹುದಿತ್ತು. ಬಿಸಾಡದೆ, ಏಕೆ ಹೀಗೆ ಎಂದು ಕೇಳಿದರು. ಇದು ನನ್ನ ಮನಸ್ಸನ್ನು ತುಂಬ ಹಿಡಿದಿದೆ, ಬೆಚ್ಚಗಿದ್ದ ಸುರುಳಿಯ ಮುಂದೆ ಮೂರು ವಾರ ಕುಳಿತಿದ್ದವನಾದ್ದರಿಂದ ಇನ್ನಷ್ಟು.

ಈಗ ಬೆಲೆಯ ಮಾತು. ಪತ್ರಿಕೆಗಳ ಬರಹಗಳು ಇದನ್ನು ಬಿಟ್ಟುಬಿಡುತ್ತವೆ.

ಸ್ಪಿನ್ ಕ್ಯೂಬಿಟ್ಟಿನ ದೊಡ್ಡ ಗುಣ ಯಾವುದು? ಅದಕ್ಕೆ ಹೊರಗಿನ ಗದ್ದಲ ಕೇಳಿಸದು ಎಂಬುದೇ. ವಿದ್ಯುತ್ ಕ್ಷೇತ್ರ ಅದನ್ನು ಮುಟ್ಟುವುದಿಲ್ಲ ಎಂದು ಆರಂಭದಲ್ಲಿ ಹೇಳಿದೆನಲ್ಲ, ಅದು ಕೊರತೆಯಲ್ಲ, ಕವಚ. ಚಿಪ್ಪಿನೊಳಗೆ ವಿದ್ಯುತ್ ಗದ್ದಲಕ್ಕೆ ಬರವಿಲ್ಲ. ಆಕ್ಸೈಡ್ ಪದರದ ದೋಷಗಳಲ್ಲಿ ಸಿಕ್ಕಿಕೊಂಡ ಆವೇಶಗಳು ಇಲ್ಲಿಂದ ಅಲ್ಲಿಗೆ ನೆಗೆಯುತ್ತಲೇ ಇರುತ್ತವೆ, ತೀರ ತಂಪಿನಲ್ಲೂ. ಕವಚವಿರುವ ಸ್ಪಿನ್ ಅದಾವುದನ್ನೂ ಲೆಕ್ಕಿಸುವುದಿಲ್ಲ. ಆದರೆ ನಾವು ವೋಲ್ಟೇಜಿನಿಂದ ಅದನ್ನು ಆಳಬೇಕೆಂದು ಕವಚದಲ್ಲಿ ಒಂದು ಕಿಂಡಿ ಕೊರೆದೆವು. ನಮ್ಮ ಆಜ್ಞೆ ಒಳಹೋಗುವ ಕಿಂಡಿಯಲ್ಲಿ ಆ ಗದ್ದಲವೂ ಒಳಹೋಗುತ್ತದೆ. ಕೋಬಾಲ್ಟಿನ ಇಳಿಜಾರಿನಲ್ಲಿ ನಾವು ಇಲೆಕ್ಟ್ರಾನನ್ನು 0.1 ನ್ಯಾನೋಮೀಟರ್ ಸರಿಸಿದರೆ ಸ್ಪಿನ್ ಹೊರಳುತ್ತದೆ. ಪಕ್ಕದ ದೋಷವೊಂದು ಅದನ್ನು ಅದರ ನೂರನೇ ಒಂದು ಪಾಲು ಸರಿಸಿದರೂ ತಾಳ ತಪ್ಪುತ್ತದೆ. ಎರಡು ಅಂಕಿಗಳನ್ನು ಪಕ್ಕಪಕ್ಕ ಇಡುತ್ತೇನೆ. 2014ರಲ್ಲಿ ಸಿಡ್ನಿಯ, ಆಯಸ್ಕಾಂತವಿಲ್ಲದ, ಗೇಟಿನ ವೋಲ್ಟೇಜ್ ಇಲೆಕ್ಟ್ರಾನನ್ನು ಹಿಡಿದಿಡುವ ಪುಟ್ಟ ಗುಳಿಯಾದ ಕ್ವಾಂಟಮ್ ಡಾಟ್‌ನಲ್ಲಿ ಸ್ಪಿನ್ ತನ್ನ ತಾಳವನ್ನು ಯಾರ ನೆರವೂ ಇಲ್ಲದೆ ಉಳಿಸಿಕೊಂಡದ್ದು 120 ಮೈಕ್ರೋಸೆಕೆಂಡ್. 2018ರ ಜಪಾನಿನ, ಕೋಬಾಲ್ಟ್ ಇದ್ದ ಡಾಟ್‌ನಲ್ಲಿ 20 ಮೈಕ್ರೋಸೆಕೆಂಡ್. ಎರಡೂ ಶುದ್ಧೀಕರಿಸಿದ ಸಿಲಿಕಾನೇ. ಚಿಪ್ಪುಗಳ ರಚನೆ ಬೇರೆಯಾದ್ದರಿಂದ ಈ ಹೋಲಿಕೆಯನ್ನು ತಕ್ಕಡಿಯಲ್ಲಿಟ್ಟು ತೂಗಬಾರದು. ಆದರೆ ಎರಡನೆಯದರಲ್ಲಿ ಮಿತಿ ಹಾಕುತ್ತಿದ್ದದ್ದು ಆವೇಶದ ಗದ್ದಲವೇ ಎಂದು ಆ ತಂಡವೇ ತೋರಿಸಿದೆ. ಹಾಗಿದ್ದೂ ಗೆದ್ದದ್ದು ಹೇಗೆ? ತಾಳ ಕೆಡುವ ಮುಂಚೆಯೇ ಕೆಲಸ ಮುಗಿಸುವಷ್ಟು ವೇಗವನ್ನು ಅದೇ ಕಿಂಡಿ ಕೊಟ್ಟಿತು.

ಆದ್ದರಿಂದ ಇವತ್ತಿನ ನಿಜವಾದ ಹುಡುಕಾಟ ಬಲವಾದ ಕೊಂಡಿಗಲ್ಲ, ಬೇಕೆಂದಾಗ ತೆರೆದು ಬೇಡವೆಂದಾಗ ಮುಚ್ಚುವ ಕೊಂಡಿಗೆ. 2023ರಲ್ಲಿ ಸಿಡ್ನಿಯವರು ಇದಕ್ಕೆ ಒಂದು ಒಳ್ಳೆಯ ದಾರಿ ತೋರಿಸಿದರು. ಆಯಸ್ಕಾಂತವಿಲ್ಲದ ಡಾಟ್‌ನಲ್ಲಿ ಗೇಟುಗಳ ವೋಲ್ಟೇಜನ್ನು ಹೊಂದಿಸಿ ಇಲೆಕ್ಟ್ರಾನಿನ ಎರಡು ಶಕ್ತಿಮಟ್ಟಗಳನ್ನು ಹತ್ತಿರ ತಂದಾಗ, ಸಡಿಲವಾಗಿದ್ದ ಸ್ಪಿನ್-ಕಕ್ಷೆ ಬಂಧ ಅಲ್ಲಿ ಮಾತ್ರ ಹಲವು ಪಟ್ಟು ಬಿಗಿಯಾಯಿತು. ಅಲ್ಲಿ ಸ್ಪಿನ್ನನ್ನು ಬೇಗ ಹೊರಳಿಸಿ, ಮತ್ತೆ ವೋಲ್ಟೇಜ್ ಸರಿಸಿ ಕಿಂಡಿ ಮುಚ್ಚಿಬಿಡುವುದು. ನನ್ನ ಅಭಿಪ್ರಾಯ ಕೇಳಿದರೆ, ಸಾವಿರಾರು ಕ್ಯೂಬಿಟ್‌ಗಳ ಚಿಪ್ಪು ಎಂದಾದರೂ ಬಂದರೆ ಅದು ಇಂಥ ದಾರಿಯಿಂದಲೇ ಬರಬೇಕು. ಪ್ರತಿ ಕ್ಯೂಬಿಟ್ಟಿಗೂ ಕೋಬಾಲ್ಟಿನ ಇಳಿಜಾರು ಕಟ್ಟುತ್ತ ಹೋಗುವುದು ದೂರ ನಡೆಯದು ಎಂದು ನನಗನ್ನಿಸುತ್ತದೆ. ಇದನ್ನು ಒಪ್ಪದ ಸಮರ್ಥರು ಇದ್ದಾರೆ.

ಸಿಲಿಕಾನೇ ಏಕೆ ಎಂದು ನೀವು ಕೇಳಿಲ್ಲ, ಆದರೂ ಹೇಳಬೇಕು. ಚಿಕ್ಕಮಗಳೂರು, ಹಾಸನದ ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಹೆಂಗಸರು ಸಾಲಾಗಿ ಕುಳಿತು ಬೀಜ ಆರಿಸುವುದನ್ನು ನೋಡಿದ್ದೀರಾ? ಮುಂದೆ ಹರಡಿದ ರಾಶಿಯ ಮೇಲೆ ಎರಡೂ ಕೈ ಆಡುತ್ತಿರುತ್ತವೆ. ಕಣ್ಣು ಎಲ್ಲಿದೆಯೋ ತಿಳಿಯದು, ಕಪ್ಪು ಬೀಜ ಮಾತ್ರ ಪಕ್ಕಕ್ಕೆ ಹಾರಿ ಬೀಳುತ್ತದೆ. ಒಂದು ಕಪ್ಪು ಬೀಜ ಇಡೀ ಲೋಟದ ರುಚಿ ಕೆಡಿಸುತ್ತದೆಂದು ಅವರಿಗೆ ಗೊತ್ತು. ಪ್ರಕೃತಿಯಲ್ಲಿ ಸಿಗುವ ಸಿಲಿಕಾನಿನಲ್ಲಿ ನೂರಕ್ಕೆ ಸುಮಾರು 92 ಪರಮಾಣುಗಳು ಸಿಲಿಕಾನ್-28, ಮೂರು ಸಿಲಿಕಾನ್-30. ಈ ಎರಡರ ನ್ಯೂಕ್ಲಿಯಸ್ಸಿಗೆ ಸ್ಪಿನ್ ಇಲ್ಲ. ಉಳಿದ ಸುಮಾರು 4.7 ಪಾಲು ಸಿಲಿಕಾನ್-29. ಅದರ ನ್ಯೂಕ್ಲಿಯಸ್ಸಿಗೆ ಸ್ಪಿನ್ ಇದೆ, ನಮ್ಮ ಕ್ಯೂಬಿಟ್ಟಿನ ಪಕ್ಕದಲ್ಲಿ ಕುಳಿತು ಅದರ ತಾಳ ಕೆಡಿಸುತ್ತದೆ. ಇದೇ ನಮ್ಮ ಕಪ್ಪು ಬೀಜ. ಅದನ್ನು ಆರಿಸಿ ತೆಗೆಯಬಹುದು ಎಂಬುದೇ ಸಿಲಿಕಾನಿನ ಭಾಗ್ಯ. ಗ್ಯಾಲಿಯಂ ಆರ್ಸೆನೈಡಿನಲ್ಲಿ ಪ್ರಕೃತಿಯಲ್ಲಿ ಸಿಗುವ ಎಲ್ಲ ನ್ಯೂಕ್ಲಿಯಸ್ಸುಗಳಿಗೂ ಸ್ಪಿನ್ ಇದೆ, ಆರಿಸಲು ಅಲ್ಲಿ ಒಳ್ಳೆಯ ಬೀಜವೇ ಇಲ್ಲ. ಶುದ್ಧ ಸಿಲಿಕಾನ್-28ರಲ್ಲಿ, ತಾಳ ಸರಿಪಡಿಸುವ ತಂತ್ರಗಳ ನೆರವಿನಿಂದ, 2014ರಲ್ಲಿ ರಂಜಕದ ಒಂದು ಇಲೆಕ್ಟ್ರಾನ್ ಅರ್ಧ ಸೆಕೆಂಡಿಗೂ ಹೆಚ್ಚು ಕಾಲ, ಅದರ ನ್ಯೂಕ್ಲಿಯಸ್ 30 ಸೆಕೆಂಡಿಗೂ ಹೆಚ್ಚು ಕಾಲ ನೆನಪು ಉಳಿಸಿಕೊಂಡವು.

ಎಲ್ಲಿಗೆ ಬಂದಿದ್ದೇವೆ ಎಂಬುದನ್ನೂ ಮುಚ್ಚಿಡಬಾರದು. 2022ರಲ್ಲಿ ಡೆಲ್ಫ್ಟ್‌ನವರು ಸಿಲಿಕಾನಿನಲ್ಲಿ ಆರು ಸ್ಪಿನ್ ಕ್ಯೂಬಿಟ್‌ಗಳನ್ನು ಒಟ್ಟಿಗೆ ನಡೆಸಿದರು. 2023ರಲ್ಲಿ ಇಂಟೆಲ್ 12 ಕ್ಯೂಬಿಟ್‌ಗಳ ಚಿಪ್ಪನ್ನು ಸಂಶೋಧಕರಿಗೆ ಕೊಟ್ಟಿತು. ಅತಿವಾಹಕ ಲೋಹದ ಸರ್ಕ್ಯೂಟಿನಿಂದ ಮಾಡುವ ಇನ್ನೊಂದು ಬಗೆಯ ಕ್ಯೂಬಿಟ್‌ಗಳು ಆ ಹೊತ್ತಿಗೆ ನೂರು ದಾಟಿದ್ದವು. ಎಣಿಕೆಯಲ್ಲಿ ಸಿಲಿಕಾನ್ ಹಿಂದಿದೆ. ಆದರೆ ಗಾತ್ರದಲ್ಲಿ ಅದರ ಕ್ಯೂಬಿಟ್ ಬಹಳ ಚಿಕ್ಕದು, ಚಿಪ್ ಕಾರ್ಖಾನೆಗೆ ಅದು ಹೊಸದೂ ಅಲ್ಲ. 2020ರಲ್ಲಿ ಸಿಡ್ನಿ ಮತ್ತು ಡೆಲ್ಫ್ಟ್ ಎರಡೂ ಕಡೆ ಒಂದು ಕೆಲ್ವಿನ್ನಿಗಿಂತ ಮೇಲೂ ಅವು ಕೆಲಸ ಮಾಡಬಲ್ಲವೆಂದು ತೋರಿಸಿದರು. ಆ ಉಷ್ಣತೆಯಲ್ಲಿ ಹೊರಹಾಕಬಹುದಾದ ಶಾಖ ಎಷ್ಟೋ ಹೆಚ್ಚು.

ಕೊನೆಯ ಪ್ರಶ್ನೆ, ಇಲ್ಲೇ ಇದ್ದು ಕಲಿಯಬಹುದೇ ಎಂಬುದು. ಪ್ರಯೋಗಕ್ಕೆ ನೀವು ಹೊರಗೆ ಹೋಗಲೇಬೇಕಾಗುತ್ತದೆ, ಆ ಉಷ್ಣತೆಯ ಯಂತ್ರ ನಮ್ಮ ಜಿಲ್ಲೆಗಳಲ್ಲಿ ಸಿಗದು. ಬಹಳ ದೂರವಲ್ಲ. ಕೇಂದ್ರ ಸರ್ಕಾರ 2023ರ ಏಪ್ರಿಲ್‌ನಲ್ಲಿ 6,003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು, ಅದರ ಕ್ವಾಂಟಮ್ ಕಂಪ್ಯೂಟಿಂಗ್ ಕೇಂದ್ರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಆದರೆ ಅಲ್ಲಿಗೆ ಹೋಗುವ ಮುಂಚೆ ಕಲಿಯಬೇಕಾದದ್ದರ ದೊಡ್ಡ ಭಾಗಕ್ಕೆ ಕಾಗದ, ಪೆನ್ನು, ಒಂದು ಸಾಧಾರಣ ಲ್ಯಾಪ್‌ಟಾಪ್ ಸಾಕು. ಎರಡು ಮಟ್ಟಗಳ ವ್ಯವಸ್ಥೆಯೊಂದನ್ನು ಆಡುವ ಕ್ಷೇತ್ರದಲ್ಲಿಟ್ಟರೆ ಏನಾಗುತ್ತದೆ ಎಂಬ ಲೆಕ್ಕವನ್ನು ಪುಸ್ತಕ ಮುಚ್ಚಿ ನೀವೇ ಬಿಡಿಸಿ. ಎರಡಕ್ಕೆ ಎರಡರ ಮ್ಯಾಟ್ರಿಕ್ಸ್ ಗುಣಾಕಾರ ಬಂದರೆ ಸಾಕು, ನಿಮಗೆ ಅದು ಈಗಾಗಲೇ ಬರುತ್ತದೆ.

ಅದಾದ ಮೇಲೆ ಈ ಲೆಕ್ಕ ಮಾಡಿ. ಇಳಿಜಾರು ನ್ಯಾನೋಮೀಟರಿಗೆ 0.3 ಮಿಲಿಟೆಸ್ಲಾ. ಇಲೆಕ್ಟ್ರಾನನ್ನು 0.5 ನ್ಯಾನೋಮೀಟರ್ ಆಡಿಸುತ್ತೀರಿ. ತಾಳ ಉಳಿಯುವುದು 20 ಮೈಕ್ರೋಸೆಕೆಂಡ್. ಅಷ್ಟರಲ್ಲಿ ಸ್ಪಿನ್ ಮೇಲಿನಿಂದ ಕೆಳಕ್ಕೆ ಎಷ್ಟು ಸಲ ಹೊರಳಬಹುದು? ಬಂದ ಉತ್ತರವನ್ನು, ಬಂದ ದಾರಿಯೊಂದಿಗೆ, ನನಗೆ ಬರೆದು ಕಳುಹಿಸಿ.